ಗಾಳಿ ಹೊರಗೆ ಹೋಗುವ ದಾರಿ

ಹನ್ನೊಂದನೆಯ ನಿಮಿಷಕ್ಕೆ ಕಂಪ್ಯೂಟರು ಮತ್ತೆ ಕೈಕೊಟ್ಟಿತು. ಪರದೆಯ ಮೇಲೆ ಮೊಲದ ಒಂದು ಕಿವಿ ಮೂಡಿ ಇನ್ನೊಂದು ಮೂಡುತ್ತಿತ್ತು, ಅಷ್ಟರಲ್ಲಿ ಟಪ್ಪೆಂದು ಎಲ್ಲ ಕಪ್ಪಾಯಿತು. ಫ್ಯಾನುಗಳ ಸದ್ದೂ ನಿಂತು ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳತೊಡಗಿತು. ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ. ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುರ್ಚಿಯಲ್ಲಿ ಹಾಗೇ ಕುಸಿದಳು.

ಐದು ಗಂಟೆಗೆ ಸಿನಿಮಾ ಕಳಿಸಬೇಕಿತ್ತು. ಸಿನಿಮಾ ಎಂದರೆ ದೊಡ್ಡದೇನಲ್ಲ, ನಾಲ್ಕೇ ನಿಮಿಷದ್ದು. ಮಕ್ಕಳ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಯಂತ್ರ ಒಂದು ದೊಡ್ಡ ಕೊಳವೆಯ ಹಾಗಿರುತ್ತದೆ. ಅದರೊಳಗೆ ಮಲಗಿಸಿದರೆ ಪುಟ್ಟ ಮಕ್ಕಳು ಹೆದರಿ ಅತ್ತುಬಿಡುತ್ತವೆ. ಒಳಗೆ ಹೋಗಿ ನಗುನಗುತ್ತ ಹೊರಗೆ ಬರುವ ಮೊಲವನ್ನು ಮೊದಲೇ ತೋರಿಸಿದರೆ ಹೆದರಿಕೆ ಇಳಿದೀತು ಎಂಬುದು ಅಲ್ಲಿನ ಡಾಕ್ಟರಮ್ಮನ ಯೋಚನೆ. ಇವತ್ತು ಸಂಜೆ ಸ್ಕ್ಯಾನಿಗೆ ಬರುವ ಮಕ್ಕಳಿಗೇ ಮೊದಲ ಪ್ರದರ್ಶನ.

ಸೊಸೆಗೂ ಇದು ಮೊದಲನೆಯದೇ. ಹನ್ನೆರಡು ವರ್ಷ ಬೇರೆಯವರ ಕೈಕೆಳಗೆ ಚಿತ್ರ ಬಿಡಿಸಿ, ಅವು ಓಡಾಡುವಂತೆ ಮಾಡಿ, ಸಾಕಪ್ಪಾ ಸಾಕು ಎಂದು ಆ ಆಫೀಸು ಬಿಟ್ಟು ಬಂದ ಮೇಲೆ ಸಿಕ್ಕ ಸ್ವಂತ ಕೆಲಸ. "ಎರಡು ತಿಂಗಳಲ್ಲಿ ವಾಪಸ್ ಬರ್ತೀಯ ಬಿಡು," ಎಂದು ಹಳೆಯ ಯಜಮಾನ ನಕ್ಕು ಬೀಳ್ಕೊಟ್ಟಿದ್ದ. ಈಗ ಕೊನೆಯ ಹದಿನೈದು ಸೆಕೆಂಡು, ಮೊಲ ಹೊರಗೆ ಬರುವ ಭಾಗ ಮಾತ್ರ ಬಾಕಿ. ಅಷ್ಟರ ಚಿತ್ರಗಳನ್ನು ಒಂದೊಂದಾಗಿ ತಯಾರಿಸಲು ಕಂಪ್ಯೂಟರಿಗೆ ಮೂರು ಗಂಟೆ ಬೇಕು. ಅದೋ, ಹತ್ತು ನಿಮಿಷ ನೆಟ್ಟಗೆ ನಿಂತರೆ ಹೆಚ್ಚು.

ಅಂಗಡಿಯವರೇ ಜೋಡಿಸಿ ಮಾರುವ, ಆಟ ಆಡುವವರು ಕೊಳ್ಳುವಂಥ ಕಂಪ್ಯೂಟರು ಅದು. ಭಾರದ ಚಿತ್ರಗಳಿಗೂ ಅದೇ ಸರಿ ಎಂದು ತಂದಿದ್ದಳು. ಮೊದಲಿನಿಂದಲೂ ಬಿಸಿಯಾಗುತ್ತಿತ್ತು, ಹೋ ಎಂದು ಗದ್ದಲ ಎಬ್ಬಿಸುತ್ತಿತ್ತು, ಆದರೆ ಒಮ್ಮೆಯೂ ಆರಿರಲಿಲ್ಲ. ಇವಳಾದರೂ ಸುಮ್ಮನಿರಬಾರದೇ? ಕೊನೆಯ ವಾರದ ಕೆಲಸ ತಡೆದುಕೊಳ್ಳಲಿ ಎಂದು ಭಾನುವಾರ ತಾನೇ ಪೆಟ್ಟಿಗೆ ಬಿಚ್ಚಿ, ಹಿಂಬದಿಗಿದ್ದ ಕಪ್ಪು ಫ್ಯಾನು ತೆಗೆದು, ಬಣ್ಣದ ದೀಪದ ಮೂರು ಹೊಸ ಫ್ಯಾನು ಕೂರಿಸಿದಳು. ಮುಂದೊಂದು, ಮೇಲೊಂದು, ಹಿಂದೊಂದು. ಅವತ್ತಿನಿಂದ ಶುರುವಾಯಿತು ಈ ಪೀಡೆ. ಒಳಗೆ ಏನನ್ನೋ ಸುಟ್ಟುಬಿಟ್ಟಿದ್ದೇನೆ ಎಂದು ಅವಳಿಗೆ ಒಳಗೊಳಗೇ ಭಯ. ಗಂಡನಿಗೂ ಬಾಯಿ ಬಿಟ್ಟಿರಲಿಲ್ಲ.

"ಮತ್ತೆ ಆರ್ತೇನಮ್ಮ?"

ಮಾವ ಹೊಸ್ತಿಲ ಆಚೆಯೇ ನಿಂತು ಕೇಳಿದರು. ಮೂವತ್ತೆರಡು ವರ್ಷ ಹೋಟೆಲುಗಳ ಅಡುಗೆಮನೆಗೆ, ಕಾರ್ಖಾನೆಗಳಿಗೆ ಹೊಗೆ ಸಾಗಿಸುವ ತಗಡಿನ ಕೊಳವೆ ಕೂರಿಸಿದ ಮೇಸ್ತ್ರಿ ಅವರು. ಕೆಲಸ ನಿಂತ ಮೇಲೆ ಅವರ ಕಣ್ಣು ಮನೆಯ ಸಾಮಾನುಗಳ ಮೇಲೆ ಬಿದ್ದಿತ್ತು. ವಾಷಿಂಗ್ ಮೆಷಿನ್ ಬಿಚ್ಚಿ ಜೋಡಿಸಿ ನಾಲ್ಕು ಸ್ಕ್ರೂ ಮಿಗಿಸಿದ್ದರು. ಅದು ಇವತ್ತಿಗೂ ಬಟ್ಟೆ ಹಿಂಡುವಾಗ ಬಚ್ಚಲಿನಿಂದ ಹೊರಟು ಅಡುಗೆಮನೆ ಬಾಗಿಲವರೆಗೆ ನಡೆದುಕೊಂಡು ಬರುತ್ತದೆ. ಹಾಗಾಗಿ ಇನ್ನು ಏನನ್ನೂ ಮುಟ್ಟಕೂಡದು ಎಂದು ಮನೆಯವರೆಲ್ಲ ಕಟ್ಟಪ್ಪಣೆ ಮಾಡಿದ್ದರು. ಮೊನ್ನೆ ಅವರು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡುತ್ತಿದ್ದಾಗ ಸೊಸೆಯೂ "ಮಾವ, ಇದೊಂದನ್ನಾದ್ರೂ ಬಿಟ್ಬಿಡಿ," ಎಂದು ಖಾರವಾಗಿ ಅಂದಿದ್ದಳು. ಅವರ ಮುಖ ಚಿಕ್ಕದಾಗಿತ್ತು. ಆಮೇಲೆ ಈ ಕೋಣೆಗೆ ಕಾಲಿಟ್ಟಿರಲಿಲ್ಲ.

"ಆರ್ತು ಮಾವ. ನಾನೇ ಕೆಡಿಸ್ದೆ ಅನ್ಸುತ್ತೆ."

"ಕಂಪ್ಯೂಟರು ನಂಗೆ ತಿಳಿಯಲ್ಲ. ಗಾಳಿ ವಿಷ್ಯ ಆದ್ರೆ ಒಂಚೂರು ಗೊತ್ತು. ನೀನು ಕರೆದ್ರೆ ಬರ್ತೀನಿ."

"ಕರೀಬೇಡ ಕಣೇ," ಒಳಗಿನಿಂದ ಅತ್ತೆಯ ದನಿ ಬಂತು. "ಆಮೇಲೆ ಅದೂ ನಡೆಯೋಕೆ ಕಲಿಯುತ್ತೆ."

ಸೊಸೆ ಗಡಿಯಾರ ನೋಡಿದಳು. "ಬನ್ನಿ ಮಾವ," ಅಂದಳು.

ಮಾವ ಬಂದು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತರು. ಕೈ ಎರಡನ್ನೂ ಮಂಡಿಯ ಮೇಲಿಟ್ಟುಕೊಂಡರು. "ಇದು ಉಸಿರು ತಗೊಳ್ಳೋದು ಎಲ್ಲಿ, ಬಿಡೋದು ಎಲ್ಲಿ?"

"ಮೂರು ಫ್ಯಾನಿದೆ. ಮೂರೂ ಚೆನ್ನಾಗಿ ತಿರುಗುತ್ತೆ, ನೋಡಿದ್ದೀನಿ."

"ತಿರುಗೋದು ಸರಿ. ತಿರುಗಿ ಏನ್ ಮಾಡ್ತವೆ ಅಂತ ನೋಡಿದ್ಯಾ? ಮೂಗು ಒರೆಸ್ಕೊಳ್ಳೋ ಕಾಗದ ಇದ್ರೆ ಒಂದು ಬೆರಳಗಲ ಹರಿ. ನೀನೇ ಹಿಡ್ಕೊ, ನಾನು ಮುಟ್ಟಲ್ಲ."

ಹೊಸ ಕೊಳವೆ ಕೂರಿಸಿದ ದಿನ ಮೇಸ್ತ್ರಿಗಳು ಮಾಡುವ ಪರೀಕ್ಷೆಯಂತೆ ಅದು. ಅವಳು ಕಂಪ್ಯೂಟರು ಹಾಕಿ, ಕಾಗದದ ಪಟ್ಟಿಯನ್ನು ಮುಂದಿನ ಫ್ಯಾನಿನ ಬಳಿ, ಗಾಜಿನ ಮುಚ್ಚಳದ ಅಂಚಿನ ಸಂದಿಗೆ ಹಿಡಿದಳು. ಪಟ್ಟಿ ಒಳಗಡೆಗೆ ಬಾಗಿತು. "ಒಳಗೆ," ಅಂದರು ಮಾವ. ಮೇಲೆ ಹಿಡಿದಳು. ಪಟ್ಟಿ ಜಾಲರಿಗೆ ಅಂಟಿಕೊಂಡಿತು. "ಇದೂ ಒಳಗೆ." ಹಿಂದಿನ ಫ್ಯಾನಿನ ಬಳಿ ಅದು ತನ್ನ ಕಡೆ ಹಾರುತ್ತದೆಂದು ಅವಳು ಕಾದಳು. ಅಲ್ಲೂ ಹೋಗಿ ಅಂಟಿಕೊಂಡಿತು.

"ಮೂರೂ ತಗೊಳ್ಳೋವೇ ಆದ್ವು. ಬಿಡೋರು ಯಾರಮ್ಮ?" ಮಾವ ಕೇಳಿದರು. "ರೆಕ್ಕೆ ಪೂರ್ತಿ ಕಾಣೋ ಮುಖದಿಂದ ಫ್ಯಾನು ಎಳ್ಕೊಳ್ಳುತ್ತೆ, ಮೋಟಾರು ಹಿಡಿದಿರೋ ಅಡ್ಡಪಟ್ಟಿ ಇರೋ ಕಡೆ ಬಿಡುತ್ತೆ. ಎಲ್ಲಾನೂ ಯಾಕೆ ಒಂದೇ ಥರ ಕೂರಿಸ್ದೆ?"

ಅವಳಿಗೆ ಭಾನುವಾರ ನೆನಪಾಯಿತು. ಚಿತ್ರ ನೋಡುವವಳ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಯಾವ ಕಡೆಯಿಂದ ನೋಡಿದರೂ ಅಂದವಾಗಿ ಕಾಣುವಂತೆ ತಿರುಗಿಸಿ ತಿರುಗಿಸಿ ಕೂರಿಸಿದ್ದಳು. ಹನ್ನೆರಡು ವರ್ಷದ ಅಭ್ಯಾಸ.

"ಅಡ್ಡಪಟ್ಟಿ ಕಂಡ್ರೆ ಚೆನ್ನಾಗಿರಲ್ಲ ಅಂತ... ಚಂದದ ಮುಖ ಹೊರಗಿರ್ಲಿ ಅಂತ ಹಾಗ್ ಮಾಡ್ದೆ," ಅಂದಳು. ನಾಚಿಕೆಯಿಂದ ನೆಲ ನೋಡಿದಳು.

ಮಾವ ನಗಲಿಲ್ಲ. "ನಾನೊಂದ್ಸಲ ಹೋಟೆಲ್ ಅಡುಗೆಮನೇಲಿ ದೊಡ್ಡ ಫ್ಯಾನೇ ಉಲ್ಟಾ ಕೂರಿಸಿದ್ದೆ. ಮೆಣಸಿನಕಾಯಿ ಹುರಿದ ಹೊಗೆಯೆಲ್ಲ ಊಟಕ್ಕೆ ಕೂತೋರ ಮೇಲೆ. ನಲವತ್ತು ಜನ ಅಳ್ತಾ ಊಟ ಮಾಡಿದ್ರು."

"ಎಲ್ಲಿ ಊಟ ಮಾಡಿದ್ರು? ಎದ್ದು ಓಡಿದ್ರು," ಬಾಗಿಲಿಗೆ ಬಂದಿದ್ದ ಅತ್ತೆ ತಿದ್ದಿದರು. "ಅವರಿಗಿಂತ ಮುಂದೆ ಇವರು ಓಡಿದ್ರು."

ಸೊಸೆಗೆ ನಗು ತಡೆಯಲಾಗಲಿಲ್ಲ. ಈ ವಾರದಲ್ಲಿ ನಕ್ಕಿದ್ದು ಅದೇ ಮೊದಲು. ಏನೂ ಸುಟ್ಟಿಲ್ಲ, ಬರೀ ತಿರುಗಿಸಿ ಕೂರಿಸಿದ್ದಷ್ಟೇ ಎಂದು ಗೊತ್ತಾದ ಕೂಡಲೇ ಹೋದ ಜೀವ ಅರ್ಧ ಬಂದಂತಾಗಿತ್ತು.

ಪ್ಲಗ್ಗು ಕಿತ್ತಿಟ್ಟು ಕೆಲಸಕ್ಕೆ ಕುಳಿತರು. ಅವಳು ಬಿಚ್ಚುತ್ತ ಹೋದಳು, ಮಾವ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡರು. ಮೇಲಿನ ಫ್ಯಾನು, ಹಿಂದಿನ ಫ್ಯಾನು ಎರಡನ್ನೂ ಮಗುಚಿ ಹಾಕಿದಳು. ಮುಂದೆ ಗಾಳಿಗೆ ಅಡ್ಡವಾಗಿದ್ದ ಗಾಜಿನ ಮುಚ್ಚಳ ತೆಗೆದರೆ, ಒಳಗಿನ ಜಾಲರಿಯಲ್ಲಿ ಕಂಬಳಿಯಂತೆ ಧೂಳು ಕೂತಿತ್ತು. ಅತ್ತೆ ಅದನ್ನು ತೊಳೆದು, ಒರೆಸಿ, ಒಣಗಿಸಿ ತಂದರು. ಏಳನೆಯ ಸ್ಕ್ರೂ ಬಿಗಿಯುವಾಗ ಎಂಟನೆಯದು ಮಾವನ ಕೈಯಿಂದ ಜಾರಿ ಪೆಟ್ಟಿಗೆಯೊಳಗೆ ಎಲ್ಲೋ ಬಿತ್ತು. ಮಾವನ ಮುಖ ಬಿಳುಚಿಕೊಂಡಿತು. ಸೊಸೆ ಪೆನ್ಸಿಲ್ ತುದಿಗೆ ಅಂಟುಪಟ್ಟಿ ಸುತ್ತಿ, ತಂತಿಗಳ ನಡುವೆ ತೂರಿಸಿ, ಉಸಿರು ಹಿಡಿದು ಅದನ್ನು ಎತ್ತಿದಳು. "ಎಂಟೂ ಸಿಕ್ತು ಮಾವ," ಎಂದು ಅವರ ಕೈಗೇ ಕೊಟ್ಟಳು. "ಇದನ್ನ ನೀವು ಹಾಕಿ."

ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು ಶುರು ಮಾಡಿದಾಗ ಒಂದೂ ಕಾಲು. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಏರತೊಡಗಿತು. ಐವತ್ತೆಂಟು. ಅರವತ್ತಾರು. ಎಪ್ಪತ್ತೊಂದು. ಭಾನುವಾರದಿಂದ ಈಚೆಗೆ ತೊಂಬತ್ತರ ಮೇಲೆ ಹೋಗಿ ಆರುತ್ತಿತ್ತು. ಮೂವರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹನ್ನೊಂದನೆಯ ನಿಮಿಷ ಬಂತು. ಹೋಯಿತು. ಹದಿನೈದಾಯಿತು, ಇಪ್ಪತ್ತಾಯಿತು. ಅಂಕಿ ಎಪ್ಪತ್ತನಾಲ್ಕಕ್ಕೆ ಬಂದು ನಿಂತಿತು.

"ಉಸ್ಸಪ್ಪಾ," ಅಂದರು ಅತ್ತೆ, ಎಲ್ಲರ ಪರವಾಗಿ. "ಇನ್ನಾದ್ರೂ ಊಟಕ್ಕೆ ಏಳಿ."

ಸೊಸೆಗೆ ಹಸಿವಾಗಿದ್ದು ಆಗಲೇ ಗೊತ್ತಾಯಿತು. ಎರಡು ಸಲ ಬಡಿಸಿಕೊಂಡು ತಿಂದಳು. ನಾಲ್ಕೂ ಇಪ್ಪತ್ತಕ್ಕೆ ಕೊನೆಯ ಚಿತ್ರ ಮೂಡಿತು. ನಾಲ್ಕೂ ಮುಕ್ಕಾಲಕ್ಕೆ ಸಿನಿಮಾ ಆಸ್ಪತ್ರೆ ತಲುಪಿತು. ಹಳೆಯ ಯಜಮಾನನ ನೆನಪು ಬಂತಾದರೂ ಯಾಕೋ ಅವನ ಮೇಲೆ ಸಿಟ್ಟೂ ಬರಲಿಲ್ಲ.

ಐದೂವರೆಗೆ ಡಾಕ್ಟರಮ್ಮನ ಫೋನು. "ಮೂರು ಸಲ ಹಾಕಿಸ್ಕೊಂಡು ನೋಡಿದ್ವು ಮಕ್ಕಳು. ಒಬ್ಬಳು ಪುಟ್ಟಿ ಮಾತ್ರ ಒಳಗೆ ಹೋಗೋಕೆ ಮುಂಚೆ ಒಂದು ಪ್ರಶ್ನೆ ಕೇಳ್ತಿದ್ದಾಳೆ. ಮೊಲಕ್ಕೆ ಒಳಗೆ ಸೆಖೆ ಆಗ್ಲಿಲ್ವಾ ಅಂತ. ಏನ್ ಹೇಳ್ಲಿ?"

ಸೊಸೆ ಫೋನು ಕಿವಿಗೆ ಒತ್ತಿಕೊಂಡಳು. ತಿರುಗಿ ಕಂಪ್ಯೂಟರಿನ ಕಡೆ ನೋಡಿದಳು.

"ಇಲ್ಲ ಅಂತ ಹೇಳಿ," ಅಂದಳು. "ಎರಡೂ ಕಡೆ ತೆರೆದಿದೆ, ಗಾಳಿ ಬಂದು ಹೋಗುತ್ತೆ ಅಂತ ಹೇಳಿ."

ಮಾವ ಕಂಪ್ಯೂಟರಿನ ಹಿಂದೆ ಗೋಡೆಗೆ ಒರಗಿ ಪೇಪರು ಓದುತ್ತಿದ್ದರು. ಹೊರಗೆ ಬರುತ್ತಿದ್ದ ಬೆಚ್ಚನೆಯ ಗಾಳಿಗೆ ಹಾಳೆಯ ಅಂಚು ಮೆಲ್ಲಗೆ ಏಳುತ್ತಿತ್ತು. ಅವರು ಜಾಗ ಬದಲಿಸಲಿಲ್ಲ; ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು ಓದುತ್ತಲೇ ಇದ್ದರು.