ಹದ ನೋಡಿದ ಹೆಬ್ಬೆರಳು

ಬಾಣಲೆಯಲ್ಲಿ ಕರಗುತ್ತಿದ್ದ ಕೊಬ್ಬಿನ ಮೇಲೆ ಎದ್ದ ನೊರೆಯನ್ನು ವರ್ಡೀ ಸೌಟಿನಿಂದ ತೆಗೆದು ತೆಗೆದು ಪಕ್ಕದ ಬೋಗುಣಿಗೆ ಹಾಕುತ್ತಿದ್ದಳು. ಹೊರಕೋಣೆಯಲ್ಲಿ ಅವಳ ಅಪ್ಪ ಏಸಾ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಸಾವಿನ ಮನೆಯ ರೂಢಿಯಂತೆ ಗಡಿಯಾರ ನಿಲ್ಲಿಸಿದ್ದರು, ಕನ್ನಡಿಗೆ ದುಪ್ಪಟಿ ಹೊದಿಸಿದ್ದರು. ಬಂದವರು ತಂದ ಬೀನ್ಸು, ಮೆಕ್ಕೆಜೋಳದ ರೊಟ್ಟಿ, ಸೇಬಿನ ಕೇಕು ಮೇಜಿನ ಮೇಲೆ ಮುಚ್ಚಿದಂತೆಯೇ ಇದ್ದವು. ಅಡುಗೆಮನೆಯಲ್ಲಿ ಮಾತ್ರ ಬೇರೆಯದೇ ವಾಸನೆ. ಕೊಬ್ಬು, ಜೇನುಮೇಣ. ಅಪ್ಪನ ಅಂಗಿಯ ವಾಸನೆ.

"ಹೆಣ ಮನೇಲಿಟ್ಕೊಂಡು ಇದೇನೇ ನಿನ್ನ ಅಡುಗೆ?" ನೆರೆಮನೆಯ ಡೆಲ್ಸಿ ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು. ಏಸಾನಿಗೆ ಮೈ ತೊಳೆದು ಅಂಗಿ ತೊಡಿಸಿದವಳು ಅವಳೇ.

"ಕೋವಿ ಗುಂಡಿಗೆ ಸವರೋ ಜಿಡ್ಡು, ಅತ್ತೆ. ಅಪ್ಪನ ಡಬ್ಬಿ ಬರಿದಾಗಿದೆ."

"ಹಂಗಾದ್ರೆ ಮಾಡು ಮಾರಾಯ್ತಿ, ಮಾಡು. ಗುಂಡು ಹಾರ್ದೆ ಮಣ್ಣು ಮುಚ್ಚಿದ್ರೆ ಏನಾಗತ್ತೆ ಅಂತ ನಿಮ್ಮ ಮನೆಯೋರಿಗೆ ನಾನು ಹೇಳ್ಬೇಕಾ?" ಅಂದವಳು ನಾಲಿಗೆ ಕಚ್ಚಿಕೊಂಡು ಹಿಂದೆ ಸರಿದಳು.

ಕೆಂಟಕಿಯ ಆ ಗುಡ್ಡದಲ್ಲಿ, ಕರಿಮದ್ದಿನ ಉದ್ದ ಕೋವಿ ಇರುವ ಮನೆಯಲ್ಲಿ ಸಾವಾದರೆ, ಕೊನೆಯ ಮಣ್ಣು ಬೀಳುವ ಮುನ್ನ ಗೋರಿಯ ಮೇಲೆ ಒಂದು ಗುಂಡು ಹಾರಿಸಬೇಕು. ಆ ಸದ್ದಿನ ಹಿಂದೆಯೇ ಸತ್ತವರು ಗುಡ್ಡ ದಾಟಿ ಹೋಗುತ್ತಾರೆ. ಸದ್ದಾಗದಿದ್ದರೆ ಮನೆಗೆ ಮರಳುತ್ತಾರೆ. ಇದನ್ನು ನಂಬುತ್ತೇನೆ ಎಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಯಾರೂ ತಪ್ಪಿಸುತ್ತಲೂ ಇರಲಿಲ್ಲ.

ಒಂದು ಸಲ ಮಾತ್ರ ತಪ್ಪಿತ್ತು.

*

ಅಮ್ಮ ಆರ್ಲೀ ಸತ್ತಾಗ ವರ್ಡೀ ಇನ್ನೂ ಸರಿಯಾಗಿ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಜಿಡ್ಡು ಕಾಸುತ್ತಿದ್ದುದು ಅಮ್ಮನೇ. ಆ ಚಳಿಗಾಲ ಅವಳು ಹಾಸಿಗೆ ಹಿಡಿದದ್ದರಿಂದ ಮನೆಯಲ್ಲಿ ಮೇಣವೂ ಇರಲಿಲ್ಲ, ಕೊಬ್ಬೂ ಇರಲಿಲ್ಲ. ಅಪ್ಪ ಗಾಡಿಯ ಗ್ರೀಸನ್ನೇ ಗುಂಡಿಗೆ ಸುತ್ತುವ ಬಟ್ಟೆಚೂರಿಗೆ ಸವರಿ, ಬೆಳಿಗ್ಗೆ ಅಂಗಳದಲ್ಲಿ ಒಂದು ಗುಂಡು ಹೊಡೆದು ನೋಡಿದ. ಹಾರಿತು. ಆದರೆ ಕರಿಮದ್ದಿನ ಮಸಿ ಆ ಗ್ರೀಸಿನೊಂದಿಗೆ ಬೆರೆತು ನಳಿಗೆಯೊಳಗೆ ಡಾಂಬರಿನಂತೆ ಕಟ್ಟಿಕೊಂಡಿತ್ತು. ಗೋರಿಯ ಹತ್ತಿರ ಎರಡನೆಯ ಗುಂಡು ನಳಿಗೆಯ ನಡುವೆಯೇ ಕಚ್ಚಿಕೊಂಡಿತು. ಅಪ್ಪ ಗುಂಡು ತಳ್ಳುವ ಗಜದ ಕೋಲಿನಿಂದ ಜಡಿದ, ಜಡಿದ, ಕೋಲು ಮುರಿಯಿತು. ಹಾಗೇ ಹೊಡೆದರೆ ಕೋವಿ ಸಿಡಿಯುತ್ತದೆಂದು ಜನ ಕಸಿದುಕೊಂಡರು. ಸದ್ದಿಲ್ಲದೆ ಮಣ್ಣು ಮುಚ್ಚಿದರು.

ಮುಂದಿನ ಚಳಿಗಾಲ ಅಪ್ಪ ತಾನೇ ಕೊಬ್ಬು, ಮೇಣ ಕಾಸಿ, ಬಾಣಲೆಯನ್ನು ಆರಲೆಂದು ಕಿಟಕಿಯಲ್ಲಿಟ್ಟ. ಬೆಳಿಗ್ಗೆ ಅದರ ನಡುವೆ ಒಂದು ಹೆಬ್ಬೆರಳ ಗುರುತು. ಚಿಕ್ಕದು, ತುದಿ ಬಲಕ್ಕೆ ವಾಲಿದ್ದು. ಎಡಗೈಯವರು ಒತ್ತಿದರೆ ಹಾಗೆ ಮೂಡುತ್ತದೆ. ಆ ಮನೆಯಲ್ಲಿ ಎಡಗೈಯವಳು ಅಮ್ಮ ಒಬ್ಬಳೇ ಇದ್ದಳು.

"ಯಾರು ಒತ್ತಿದ್ದು, ಅಪ್ಪ?"

"ಹದ ನೋಡಿದ್ದಾಳೆ, ಬಿಡು," ಎಂದು ಅಪ್ಪ ಬಾಣಲೆಯನ್ನು ವರ್ಡೀಗೆ ಎಟುಕದ ಹಾಗೆ ಮೇಲಿಟ್ಟಿದ್ದ.

ಪ್ರತಿ ಚಳಿಗಾಲ ಆ ಗುರುತು ಮೂಡಿತು. ವರ್ಡೀ ಮದುವೆಯಾಗಿ ಕಣಿವೆಗೆ ಇಳಿದ ಮೇಲೂ ಜಿಡ್ಡು ಕಾಸಿದ ಸುದ್ದಿ ತಿಳಿದರೆ ಏನಾದರೊಂದು ನೆಪ ಹೇಳಿ ಬರುತ್ತಿದ್ದಳು. ಬಾಣಲೆ ಬಗ್ಗಿಸಿ ನೋಡಿ, ಕಾಫಿ ಕುಡಿದು ಹೋಗುತ್ತಿದ್ದಳು. ಹೆತ್ತ ತಾಯಿಯದೆಂದು ಅವಳಿಗಿದ್ದದ್ದು ಅಷ್ಟೇ.

*

ಚಿಕ್ಕಪ್ಪ ಕರ್ಮಿಟ್ ಕೋವಿಯನ್ನು ಒರೆಸಿಕೊಂಡು ಒಳಗೆ ಬಂದ.

"ನನ್ನ ಕೈ ನಡುಗ್ತದೆ ಮಗಾ. ನೀನೇ ಹೊಡಿ."

"ಚಿಕ್ಕಪ್ಪ, ಆಮೇಲಾದ್ರೂ ಅಮ್ಮನ ಗೋರಿ ಮೇಲೆ ಒಂದು ಹೊಡೀಬಹುದಿತ್ತಲ್ಲ? ಅಪ್ಪ ಯಾಕೆ ಹೊಡೀಲಿಲ್ಲ?"

"ನಾನೂ ಕೇಳ್ದೆ. ಪ್ರತಿ ವರ್ಷ ಕೇಳ್ದೆ. 'ಜಿಡ್ಡು ಇನ್ನೂ ಸರಿಯಾಗಿಲ್ಲ ಕಣೋ' ಅನ್ನೋನು." ಕರ್ಮಿಟ್ ಮೂಗು ಒರೆಸಿಕೊಂಡ. "ಸರಿಯಾಗಿಲ್ವಂತೆ! ಅವನ ಜಿಡ್ಡು ಹಚ್ಚಿ ನಾನು ಗುರಿ ಹೊಡೆಯೋ ಪಂದ್ಯದಲ್ಲಿ ಬಹುಮಾನದ ಹೋರಿಯ ಹಿಂದೊಡೆ ಮಾಂಸ ಗೆದ್ದಿದೀನಿ, ಕುರುಡನಂಥ ನಾನು! ಅವನೋ, ಬೇಕಂತಲೇ ಗುರಿ ತಪ್ಪಿಸಿ ಐದನೆಯವನಾಗೋನು. ಐದನೆಯವನಿಗೆ ಚರ್ಮ, ಕೊಬ್ಬು ತಾನೇ ಕೊಡೋದು? ಕೊಬ್ಬು ಹೊತ್ಕೊಂಡು ಮದುಮಗನ ಹಾಗೆ ನಕ್ಕೊಂಡು ಮನೆಗೆ ಬರೋನು."

ವರ್ಡೀಯ ಸೌಟು ನಿಂತಿತು. ಇಬ್ಬರೂ ಬಾಣಲೆಯನ್ನೇ ನೋಡಿದರು.

"ಇವತ್ತು ಎರಡು ಹೊಡೀಬೇಕು, ಮಗಾ," ಕರ್ಮಿಟ್ ಮೆಲ್ಲಗೆ ಹೇಳಿದ. "ಅವನು ಹೋಗಿ ಅವಳೊಬ್ಬಳೇ ಇಲ್ಲಿ ಉಳ್ಕೊಂಡ್ರೆ ಚೆನ್ನಾಗಿರಲ್ಲ."

ಅವನು ಹೊರಗೆ ಹೋದ ಮೇಲೆ ವರ್ಡೀ ತಲೆಯೆತ್ತಿದಳು. ಅಟ್ಟಣಿಗೆಯ ಮೂಲೆಯಲ್ಲಿ ಅದೇ ಗಾಡಿ ಗ್ರೀಸಿನ ಡಬ್ಬಿ, ತುಕ್ಕು ಹಿಡಿದು, ಇಷ್ಟು ವರ್ಷವೂ ಎಸೆಯದೆ ಇಟ್ಟದ್ದು. ಕೆಳಗಿಳಿಸಿ ಮುಚ್ಚಳ ತೆಗೆದಳು. ಬಾಣಲೆಗೆ ಒಂದು ಚಮಚ ಬೆರೆಸಿದರೆ ಸಾಕಿತ್ತು. ಮೊದಲನೆಯದು ಹಾರುತ್ತದೆ, ಎರಡನೆಯದು ಕಚ್ಚಿಕೊಳ್ಳುತ್ತದೆ. ಯಾರಾದರೊಬ್ಬರು ಉಳಿಯುತ್ತಾರೆ.

ಹೊರಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳಕ್ಕೆ ಮೊದಲ ಮೊಳೆ ಬಿತ್ತು. ಅವಳು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ ಮೇಲಿಟ್ಟಳು. ಬಟ್ಟೆಚೂರುಗಳನ್ನು ಬಿಸಿ ಜಿಡ್ಡಿನಲ್ಲಿ ಅದ್ದಿ ತೆಗೆದು, ಉಳಿದದ್ದನ್ನು ಬಾಣಲೆ ಸಮೇತ ಕಿಟಕಿಯಲ್ಲಿಟ್ಟಳು.

*

ಎರಡು ಗೋರಿಗಳು ಅಕ್ಕಪಕ್ಕ. ಒಂದರ ಮೇಲೆ ಹುಲ್ಲು, ಒಂದರ ಮೇಲೆ ಹಸಿಮಣ್ಣು. ಕಾದವಳು ಮೊದಲು ಎಂದುಕೊಂಡು ವರ್ಡೀ ಅಮ್ಮನ ತಲೆಯ ಬಳಿ ನಿಂತು ಕೋವಿಯ ಕುದುರೆ ಎಳೆದಳು. ಸದ್ದು ಗುಡ್ಡಕ್ಕೆ ಬಡಿದು ಹಿಂತಿರುಗಲಿಲ್ಲ. ಅಲ್ಲಿ ಯಾವಾಗಲೂ ಹಿಂತಿರುಗುತ್ತದೆ. ಡೆಲ್ಸಿ ಅತ್ತೆ ಕುತ್ತಿಗೆಗೆ ಶಾಲು ಬಿಗಿದುಕೊಂಡಳು.

ಎರಡನೆಯದಕ್ಕೆ ಮದ್ದು ಸುರಿದು, ಬಟ್ಟೆ ಸುತ್ತಿದ ಗುಂಡನ್ನು ನಳಿಗೆಯ ಬಾಯಿಗಿಟ್ಟು ಕೋಲಿನಿಂದ ಒತ್ತತೊಡಗಿದಳು. ನಳಿಗೆಯ ನಡುವೆ ಬಂದಾಗ ಅವಳ ಕೈ ತಾನೇ ತಡೆಯಿತು. ಗುಂಡು ತಡೆಯಲಿಲ್ಲ. ಬೆಣ್ಣೆಯ ಮೇಲೆ ಜಾರಿದ ಹಾಗೆ ತಳ ಮುಟ್ಟಿತು.

"ನೋಡ್ದ್ಯಾ," ಕರ್ಮಿಟ್ ಅಳುತ್ತಾ ನಕ್ಕ. "ಸರಿಯಾಗಿಲ್ವಂತೆ!"

ಆ ಸದ್ದೂ ಹಿಂತಿರುಗಲಿಲ್ಲ.

*

ಎಲ್ಲರೂ ಹೋದ ಮೇಲೆ ವರ್ಡೀ ಪಾತ್ರೆ ತೊಳೆದಿಟ್ಟು, ಕನ್ನಡಿಯ ದುಪ್ಪಟಿ ತೆಗೆದು ಮಡಿಸಿ, ಅಡುಗೆಮನೆಗೆ ಬಂದಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಜಿಡ್ಡು ಗಟ್ಟಿಯಾಗಿತ್ತು. ಅಂಚಿನಿಂದ ಅಂಚಿನವರೆಗೆ ನುಣ್ಣಗೆ, ಹೆಪ್ಪುಗಟ್ಟಿದ ಕೆರೆಯ ಹಾಗೆ. ಒಂದು ಗುರುತೂ ಇರಲಿಲ್ಲ.

ಅವಳು ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹೆಬ್ಬೆರಳು ಒತ್ತಿದಳು. ಮೂಡಲಿಲ್ಲ. ಬಾಗಿ ಬಾಯಿಯ ಬಿಸಿಯುಸಿರು ಊದಿ ಮತ್ತೆ ಒತ್ತಿ, ಕಣ್ಣು ಮುಚ್ಚಿ ಹಾಗೇ ಹಿಡಿದಳು. ಮೇಣ ಮೆಲ್ಲಗೆ ಸೋತು ಬೆರಳಿಗೆ ದಾರಿ ಬಿಟ್ಟಿತು.

ಕಣ್ಣು ತೆರೆದು ನೋಡಿದಳು. ಗುರುತು ಚಿಕ್ಕದಾಗಿತ್ತು, ತುದಿ ಬಲಕ್ಕೆ ವಾಲಿತ್ತು. ಅವಳ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಒತ್ತಿದ್ದು ಎಡಗೈ.