ಹೆಂಟೆ ಪಡೆದ ಅಣ್ಣ

ಒಂದೇ ತೋಟದ ಬಗ್ಗೆ ಇಬ್ಬರಿಗೆ ಮಾತು ಕೊಟ್ಟು ರಾಜ್ಯ ಗೆದ್ದವನು ಓಸ್ಮಂಡ್. ಕೋಟೆಯ ಬಾಗಿಲು ತೆಗೆಸಿದ ಮುದಿ ಖಾಜಿ ಇಬ್ನ್ ಸಬ್ರನಿಗೆ, ನಿಮ್ಮವರ ಒಂದು ಗಿಡವನ್ನೂ ಮುಟ್ಟುವುದಿಲ್ಲ ಎಂದಿದ್ದ. ಜೊತೆಗೆ ಬಂದ ನಾರ್ಮನ್ ಸವಾರರಿಗೆ, ಗೋಡೆಯಾಚೆಯ ತೋಟಗಳೆಲ್ಲ ನಿಮ್ಮವೇ ಎಂದಿದ್ದ. ಎರಡನ್ನೂ ಮನಸಾರೆಯೇ ಹೇಳಿದ್ದ. ನಾರ್ಮನ್ನರ ಬುದ್ಧಿಯೇ ಅಷ್ಟು, ಮೊದಲು ಗೆಲ್ಲುತ್ತಾರೆ, ಆಮೇಲೆ ಯೋಚಿಸುತ್ತಾರೆ.

ಸಿಸಿಲಿಯ ಆ ಪುಟ್ಟ ರಾಜ್ಯದ ಅಮೀರ ದೋಣಿ ಹತ್ತಿ ಓಡಿಹೋಗಿದ್ದ. ಅವನ ಬಳಿ ಸಂಬಳಕ್ಕೆ ದುಡಿದು, ಅರಬ್ಬಿ ಕಲಿತು, ಕೊನೆಗೆ ಅವನ ಗಾದಿಯನ್ನೇ ಹಿಡಿದ ಓಸ್ಮಂಡ್‌ನ ಎದುರು ಅರಮನೆಯ ಅಂಗಳದಲ್ಲಿ ಈಗ ಎರಡೂ ಕಡೆಯವರು ನಿಂತಿದ್ದರು. ಊರಿನವರು ಮುನಿದರೆ ಕೋಟೆ ಉಳಿಯದು. ಸವಾರರು ಮುನಿದರೆ ತಲೆ ಉಳಿಯದು. ಅವರಲ್ಲಿ ಅರ್ಧ ಜನ ಅವನ ಅಣ್ಣ ಆನ್ಸ್‌ಗೋಟ್‌ನ ಮಾತು ಕೇಳುವವರು. ಆದರೂ ಓಸ್ಮಂಡ್ ಬೆಳಿಗ್ಗೆ ಹೊಟ್ಟೆ ತುಂಬ ರೊಟ್ಟಿ, ಆಲಿವ್ ತಿಂದು ಬಂದಿದ್ದ.

ನಾರ್ಮನ್ನರಲ್ಲಿ ಭೂಮಿ ಕೊಡುವುದೆಂದರೆ ಆ ಭೂಮಿಯ ಮಣ್ಣಿನ ಒಂದು ಹೆಂಟೆಯನ್ನು ಎಲ್ಲರ ಕಣ್ಣೆದುರು ಕೈಗಿಡುವುದು. ಕೊಟ್ಟ ಹೆಂಟೆಯನ್ನು ಹಿಂದಕ್ಕೆ ಕಿತ್ತುಕೊಂಡವನಿಗೆ ಅವರ ನಾಡಿನಲ್ಲಿ ಯಾರೂ ನೀರು ಕೂಡ ಕೊಡುವುದಿಲ್ಲ. ಆನ್ಸ್‌ಗೋಟ್ ಎಲ್ಲಕ್ಕಿಂತ ಒಳ್ಳೆಯ ನಿಂಬೆ ತೋಟದ ಹೆಂಟೆಯನ್ನು ತಾನೇ ಅಗೆದು ತಂದಿದ್ದ. ಅದು ಖಾಜಿಯ ತೋಟ.

ಓಸ್ಮಂಡ್ ಅದನ್ನು ಇಸಿದುಕೊಂಡು ನೆಟ್ಟಗೆ ಹೋಗಿ ಖಾಜಿಯ ಕೈಗಿಟ್ಟ.

ಮುದುಕ ಬಿಳಿಚಿಕೊಂಡ. ಅವನ ಊರಿನಲ್ಲಿ ಮಣ್ಣು ಹಿಡಿಯುವುದು ಗೋರಿಯ ಮುಂದೆ ಮಾತ್ರ. ತನಗೆ ಸಾಯಲು ಸಿದ್ಧನಾಗು ಎನ್ನುತ್ತಿದ್ದಾನೆ ಎಂದುಕೊಂಡು ಕೈ ಸಡಿಲಿಸಿದ.

"ಬೀಳಿಸ್ಬೇಡಿ ಯಜಮಾನ್ರೇ," ಓಸ್ಮಂಡ್ ಅರಬ್ಬಿಯಲ್ಲಿ ಪಿಸುಗುಟ್ಟಿದ. "ಬಿದ್ರೆ ನಿಮ್ಮ ತೋಟಾನೂ ಹೋಯ್ತು, ನನ್ನ ತಲೆನೂ ಹೋಯ್ತು."

ಖಾಜಿ ಎರಡೂ ಕೈಯಲ್ಲಿ ಬಿಗಿಹಿಡಿದ. ನಾರ್ಮನ್ನರ ಪದ್ಧತಿಯಂತೆ ಹೆಂಟೆ ಪಡೆದವನು ಮಂಡಿಯೂರಿ, ಕೊಟ್ಟವನ ಅಂಗೈಗಳ ನಡುವೆ ತನ್ನ ಕೈಯಿಟ್ಟು, ನಾನು ನಿನ್ನ ಆಳು ಎನ್ನಬೇಕು. ಖಾಜಿ ದೇವರಿಗಲ್ಲದೆ ಯಾರಿಗೂ ಬಗ್ಗುವವನಲ್ಲ. ನಿಂತೇ ಎದೆ ಮುಟ್ಟಿಕೊಂಡ, ಓಸ್ಮಂಡ್ ಅಷ್ಟೇ ಸಾಕೆಂದ.

ಆನ್ಸ್‌ಗೋಟ್‌ನ ಕೈ ಕತ್ತಿಗೆ ಹೋಯಿತು. ಅಪ್ಪನ ಮಗನೇ ಹೌದೇನೋ ನೀನು ಎಂದು ಕೂಗಾಡಿದ. ಓಸ್ಮಂಡ್ ಸಾವಧಾನವಾಗಿ ಸವಾರರತ್ತ ತಿರುಗಿ, ಕೊಟ್ಟ ಹೆಂಟೆಯನ್ನು ಕೀಳುವವರು ಯಾರಾದರೂ ಇದ್ದರೆ ಮುಂದೆ ಬನ್ನಿ ಎಂದ. ಯಾರೂ ಬರಲಿಲ್ಲ. ನಿಂಬೆಗೆ ನೀರು ಹಾಯಿಸುವುದು ನಿಮ್ಮಲ್ಲಿ ಯಾರಿಗೆ ಗೊತ್ತು, ಬೆಳೆಯುವವರು ಬೆಳೆಯಲಿ, ಫಸಲಿನಲ್ಲಿ ಮೂರನೇ ಒಂದು ಪಾಲು ಕೂತಲ್ಲಿಗೇ ಬರುತ್ತದೆ ಎಂದ. ತಮ್ಮ ನಾಡಿನಲ್ಲಿ ಸೇಬು ಬಿಟ್ಟು ಬೇರೆ ಮರ ಕಾಣದ ಆ ಗಂಡಸರು ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು.

"ಪಾಲು ಗೀಲು ನನಗೆ ಬೇಡ," ಎಂದ ಆನ್ಸ್‌ಗೋಟ್. "ಮಣ್ಣು ಕೊಡು ತಮ್ಮಾ."

ಓಸ್ಮಂಡ್ ಚಾಕು ತೆಗೆದು ಕಾಲಡಿಯ ಅಂಗಳವನ್ನೇ ಅಗೆದ. "ತಗೋ. ಅರಮನೆ ನಿಂದು."

"ಮತ್ತೆ ನೀನೆಲ್ಲಿ ಮಲಗ್ತೀಯೋ?"

"ನಿನ್ನ ಮನೇಲಿ. ಬಾಗ್ಲು ಹಾಕ್ತೀಯಾ?"

ಸವಾರರು ಗೊಳ್ಳೆಂದರು. ಆನ್ಸ್‌ಗೋಟ್ ಕೂಡ ನಗುತ್ತಲೇ ಹೆಂಟೆ ಹಿಡಿದ. ಹಿಡಿದ ಮೇಲೆ ನಗು ನಿಂತಿತು. ಮಂಡಿಯೂರುವ ಪದ್ಧತಿ ಬೇರೆಯವರಿಗೆ, ಅಣ್ಣನಿಗಲ್ಲ ಎಂದುಕೊಂಡಿದ್ದನೇನೋ ಪಾಪ. ಅಂಗಳದಲ್ಲಿದ್ದವರೆಲ್ಲ ಕಾಯುತ್ತಿದ್ದರು, ಓಸ್ಮಂಡ್ ಅಂಗೈ ಚಾಚಿ ನಿಂತಿದ್ದ. ಎಸೆದರೆ ಅರಮನೆಯೂ ಇಲ್ಲ, ಮರ್ಯಾದೆಯೂ ಇಲ್ಲ.

ಆನ್ಸ್‌ಗೋಟ್ ಮಂಡಿಯೂರಿದ. ಅವನ ಹಿಂದೆ ಅವನ ಸವಾರರೂ ಊರಿದರು. ಚಿಕ್ಕಂದಿನಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದ ಆ ಒರಟು ಕೈಗಳನ್ನು ಓಸ್ಮಂಡ್ ಹಿಡಿದುಕೊಂಡ. ಗೆದ್ದ ಹಿಗ್ಗು ಎದೆ ತುಂಬ ಇತ್ತು, ಅಣ್ಣನ ಮುಖ ನೋಡಲು ಬಗ್ಗಿದ.

ಆನ್ಸ್‌ಗೋಟ್ ತಲೆ ಎತ್ತಲಿಲ್ಲ.

"ಏಳ್ಬಹುದಾ, ದೊರೆ?" ಎಂದು ಕೇಳಿದ.