ಓದಲೇಬೇಕು ಅಂತೇನಿಲ್ಲ

"ನಿಮ್ಮ ಪುಸ್ತಕವನ್ನ ಜನ ಯಾಕೆ ಓದಬೇಕು ಸಾರ್?" ಎಂದು ರೇಡಿಯೊ ನಿರೂಪಕಿ ನಗುತ್ತ ಕೇಳಿದಳು. ಮಾವ ಯೋಚಿಸುತ್ತ ಕೂತರು. ಎಷ್ಟು ಹೊತ್ತು ಕೂತರೆಂದರೆ, ಕೇಳುತ್ತಿದ್ದವರು ತಮ್ಮ ರೇಡಿಯೊ ಕೆಟ್ಟಿತೆಂದು ಅದರ ತಲೆಯ ಮೇಲೆ ಒಂದು ತಟ್ಟಿರಬೇಕು. ಕೊನೆಗೆ ಅವರು, "ಓದಲೇಬೇಕು ಅಂತೇನಿಲ್ಲ," ಎಂದರು.

ಗಾಜಿನ ಗೋಡೆಯ ಆಚೆ ನಿಂತಿದ್ದ ಸೋದರಸೊಸೆ ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ನಿರೂಪಕಿ ಪಳಗಿದವಳು. "ನೋಡಿ, ಎಂಥಾ ವಿನಯ!" ಎಂದು ಸಾವರಿಸಿದಳು.

"ವಿನಯ ಅಲ್ಲಮ್ಮ. ಏಳನೇ ಅಧ್ಯಾಯ ಅಚ್ಚಿಗೆ ಹೋದ ಮೇಲೆ ಆ ವಿಷಯದಲ್ಲಿ ಹೊಸ ಸಂಶೋಧನೆ ಬಂತು. ಅದನ್ನ ಬಿಟ್ಟುಬಿಡಬಹುದು. ಎರಡನೇದು ಸ್ವಲ್ಪ ಬೋರು. ಕೊಂಡೇ ಓದಬೇಕು ಅಂತಾನೂ ಇಲ್ಲ, ಲೈಬ್ರರಿಗೆ ಬರೋವರೆಗೆ ಕಾಯಬಹುದು."

ನಿರೂಪಕಿ ಅವಸರದಲ್ಲಿ ಒಂದು ಕೊಳಲಿನ ತುಣುಕು ಹಾಕಿದಳು.

ಪುಟ್ಟಿಗೆ ನಲವತ್ತು ದಾಟಿ, ಕಿವಿಯ ಪಕ್ಕ ಕೂದಲು ನರೆತಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಕೆಲಸ ಒಂದು ಪುಸ್ತಕ ಪ್ರಕಾಶನದಲ್ಲಿ. ಇತಿಹಾಸ, ರಾಜಕೀಯ, ವಿಜ್ಞಾನಗಳ ಮೇಲೆ ಹೊಸದಾಗಿ ಬರುವ ಗಂಭೀರ ಪುಸ್ತಕಗಳನ್ನು ಜನರ ಕಿವಿಗೆ ಹಾಕುವುದು ಅವಳ ಪಾಲಿನದು. ಕಾದಂಬರಿ ಮಾರುವುದು ಹೂವು ಮಾರಿದ ಹಾಗೆ, ಘಮವೇ ಗಿರಾಕಿಯನ್ನು ಕರೆಯುತ್ತದೆ. ಆದರೆ ತೆರಿಗೆ ಪದ್ಧತಿಯ ಇತಿಹಾಸವನ್ನು ಮಾರುವುದೆಂದರೆ ಅಂಗಡಿ ಮುಂದೆ ಬಂಡೆಗಲ್ಲು ಇಟ್ಟುಕೊಂಡು ಕೂತ ಹಾಗೆ. 'ಬಹಳ ಗಟ್ಟಿ, ಮುಟ್ಟಿ ನೋಡಿ' ಎನ್ನುವುದನ್ನು ಬಿಟ್ಟರೆ ಹೇಳಲು ಬೇರೆ ಮಾತು ಹೊಳೆಯುವುದಿಲ್ಲ. ಆದರೂ ಅವಳು ಹೇಗೋ ನಿಭಾಯಿಸುತ್ತಿದ್ದಳು, ಏಕೆಂದರೆ ಲೇಖಕರು ಅವಳ ಜೊತೆಗಿರುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ಹೆಗ್ಗಣವನ್ನು ಮೊಲವೆಂದು ಹೊಗಳದ ಲೇಖಕನನ್ನು ಅವಳು ಕಂಡೇ ಇರಲಿಲ್ಲ. ಅವಳ ಸೋದರಮಾವ ಮಾತ್ರ ತನ್ನ ಹೆಗ್ಗಣವನ್ನು ಹೆಗ್ಗಣವೆಂದೇ ಪರಿಚಯಿಸಿ, ಅದರ ಬಾಲ ಸೊಟ್ಟಗಿರುವುದನ್ನೂ ಎತ್ತಿ ತೋರಿಸುವ ಜಾತಿ.

ಮಾವ ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮದುವೆಯಾಗದೆ ಅಕ್ಕನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದರು. ದೊಡ್ಡ ದೊಡ್ಡ ವಿದ್ವಾಂಸರು ಹಿಂದಿನ ಕಾಲದಲ್ಲಿ ನಿಜವೆಂದು ನಂಬಿದ್ದ, ಆಮೇಲೆ ಸುಳ್ಳಾದ ಸಿದ್ಧಾಂತಗಳ ಬಗ್ಗೆ ವರ್ಷಗಟ್ಟಲೆ ಕೂತು ಬರೆದಿದ್ದರು. 'ತಿರಸ್ಕೃತ ಸಿದ್ಧಾಂತಗಳು: ಒಂದು ತಾತ್ಕಾಲಿಕ ಪರಿಶೀಲನೆ' ಎಂಬುದು ಅವರು ಇಟ್ಟ ಹೆಸರು. ಪ್ರಕಾಶನದ ಯಜಮಾನರು ಅದನ್ನು 'ದೊಡ್ಡವರ ದೊಡ್ಡ ತಪ್ಪುಗಳು' ಎಂದು ಬದಲಿಸಿದರು. 'ತಾತ್ಕಾಲಿಕ' ಎಂಬ ಪದವನ್ನಾದರೂ ಒಂದು ಮೂಲೆಯಲ್ಲಿ ಉಳಿಸಿ ಎಂದು ಮಾವ ಕೊನೆಯವರೆಗೂ ಬೇಡಿಕೊಂಡಿದ್ದರು.

ರೇಡಿಯೊ ಕಾರ್ಯಕ್ರಮದ ಮರುದಿನ ಯಜಮಾನರು ಪುಟ್ಟಿಯನ್ನು ತಮ್ಮ ಕೋಣೆಗೆ ಕರೆದರು. ಫ್ಯಾನಿನ ಗಾಳಿಗೆ ಹಾರದಂತೆ ಮೇಜಿನ ಕಾಗದಗಳ ಮೇಲೆಲ್ಲ ಮಾರಾಟವಾಗದ ಪುಸ್ತಕಗಳನ್ನು ಹೇರಿದ್ದರು.

"ನಿಮ್ಮ ಮಾವನ ಪುಸ್ತಕಕ್ಕೆ ಬೇರೆ ಶತ್ರುಗಳು ಬೇಡಮ್ಮ, ಅವರೊಬ್ಬರೇ ಸಾಕು," ಎಂದರು. "ಶನಿವಾರ ಬಿಡುಗಡೆಗೆ ಬರಲಿ, ಕೂರಲಿ, ನಗಲಿ, ಸಹಿ ಹಾಕಲಿ. ಬಾಯಿ ಮಾತ್ರ ಬಿಡಬಾರದು. ಮಾತಾಡೋಕೆ ಮಾತಿನಮಲ್ಲರಿದಾರಲ್ಲ."

ಮಾತಿನಮಲ್ಲ ಎಂದರೆ ಸಭೆಗಳಿಗೆ ಹೆಸರಾದ ಒಬ್ಬ ಹಿರಿಯ ಪ್ರಾಧ್ಯಾಪಕರು. ಯಾವ ಪುಸ್ತಕವನ್ನಾದರೂ ಓದದೆಯೇ ಮುಕ್ಕಾಲು ಗಂಟೆ ಹೊಗಳಬಲ್ಲವರು.

ಆದರೂ ಮುನ್ನೆಚ್ಚರಿಕೆಗೆ ಪುಟ್ಟಿ ಮಾವನಿಗೆ ಮನೆಯಲ್ಲಿ ತರಬೇತಿ ಶುರುಮಾಡಿದಳು.

"ಯಾರಾದ್ರೂ ಕೇಳಿದ್ರೆ 'ಈ ಪುಸ್ತಕ ಹೊಸ ನೋಟ ಕೊಡತ್ತೆ' ಅನ್ನಿ ಮಾವ. ಅಷ್ಟೇ."

"ಹೊಸ ನೋಟ ಅಂದ್ರೆ? ಯಾರಿಗೆ ಹೊಸದು? ವಿಷಯ ಗೊತ್ತಿರೋರಿಗೆ ಇದು ಹಳೇದೇ."

"ಹೋಗಲಿ, 'ಖುಷಿಯಿಂದ ಬರೆದೆ' ಅನ್ನಿ."

"ಬೆನ್ನುನೋವಿನಿಂದ ಬರೆದೆ ಪುಟ್ಟಿ. ನೀನೇ ಎಣ್ಣೆ ತಂದುಕೊಟ್ಟಿದ್ದೆ."

ಒಗೆದ ಬಟ್ಟೆ ಮಡಿಚುತ್ತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. ತಮ್ಮನಿಗಿಂತ ಎಂಟು ವರ್ಷ ದೊಡ್ಡವಳು, ಅವನನ್ನು ಎತ್ತಿ ಆಡಿಸಿದವಳು. "ತನ್ನನ್ನ ತಾನು ಹೊಗಳಿಕೊಳ್ಳೋಕೂ ಬರಲ್ವಲ್ಲೋ ನಿನಗೆ! ನನಗೆ ಒಂದು ಮೈಕು ಕೊಡಿ, ನಾನು ಮಾರಿ ತೋರಿಸ್ತೀನಿ," ಎಂದಳು. ಇಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಸಂಜೆ ಪುಸ್ತಕದಂಗಡಿಯಲ್ಲಿ ಕಪಾಟುಗಳನ್ನು ಬದಿಗೆ ಸರಿಸಿ ಕುರ್ಚಿ ಹಾಕಿದ್ದರು. ಸುಮಾರು ಜನ ಬಂದಿದ್ದರು. ಕೆಲವರು ಪುಸ್ತಕಕ್ಕಾಗಿ, ಕೆಲವರು ಎ.ಸಿ.ಗಾಗಿ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದಂತವೈದ್ಯರ ಸರದಿಗೆ ಕಾಯುವವರಂತೆ ಮೊದಲ ಸಾಲಿನಲ್ಲಿ ಕೂತಿದ್ದರು. ಆಗ ಪುಟ್ಟಿಯ ಫೋನು ಗುನುಗಿತು. ಆ ಕಡೆಯಿಂದ ಬಂದದ್ದು ಬರಿಯ ಗಾಳಿ, ಅದರೊಳಗೆ ಎಲ್ಲೋ ಒಂದು ಮಾತು. ಮಾತಿನಮಲ್ಲರ ಗಂಟಲು ಕಟ್ಟಿತ್ತು.

ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಇನ್ನೇನು ಮಾಡುವುದೆಂದು ಅವರಿಬ್ಬರೂ ಮೂಲೆಯಲ್ಲಿ ಪಿಸುಗುಡುತ್ತಿರುವಾಗಲೇ ಮೈಕಿನಿಂದ ಒಂದು ಪರಿಚಿತ ಧ್ವನಿ ಕೇಳಿಸಿತು.

"ಎಲ್ಲರಿಗೂ ನಮಸ್ಕಾರ. ಇವನು ನನ್ನ ತಮ್ಮ. ಪುಸ್ತಕ ತುಂಬಾ ಚೆನ್ನಾಗಿದೆ. ನಾನಿನ್ನೂ ಓದಿಲ್ಲ, ಆದ್ರೆ ಇವನು ಬರೆಯೋವಾಗ ಪಟ್ಟ ಪಾಡು ನೋಡಿದೀನಿ. ಅಷ್ಟು ಕಷ್ಟಪಟ್ಟು ಬರೆದ ಪುಸ್ತಕ ಕೆಟ್ಟದಾಗಿರೋಕೆ ಸಾಧ್ಯನೇ ಇಲ್ಲ."

"ಅದು ತರ್ಕ ಅಲ್ಲ ಅಕ್ಕ," ಎಂದರು ಮಾವ ಕೂತಲ್ಲಿಂದಲೇ. "ಕಷ್ಟಪಟ್ಟು ಬರೆದ ಕೆಟ್ಟ ಪುಸ್ತಕ ಬೇಕಾದಷ್ಟಿವೆ. ಇಲ್ಲೇ ಇವೆ."

ಅಂಗಡಿಯಾತ ಕೆಮ್ಮಿದ.

"ಇದನ್ನ ಓದಿದ ಮಕ್ಕಳು ಪರೀಕ್ಷೇಲಿ ಮೊದಲು ಬರ್ತಾರೆ," ಎಂದಳು ಅಮ್ಮ.

"ಬರಲ್ಲ! ಇದರಲ್ಲಿರೋದೆಲ್ಲ ತಪ್ಪುಗಳೇ. ಇದನ್ನ ಪರೀಕ್ಷೇಲಿ ಬರೆದ್ರೆ ಫೇಲಾಗ್ತಾರೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. ತಾನು ಸಭೆಯಲ್ಲಿದ್ದೇನೆಂಬುದು ಅವಳಿಗೆ ಮರೆತೇಹೋಗಿತ್ತು. "ತಪ್ಪು ಅಂತ ಗೊತ್ತಿದ್ದೂ ಯಾಕೋ ಬರೆದೆ ಹಾಗಾದ್ರೆ?"

ಮಾವ ಎದ್ದು ನಿಂತರು. ಅವರಿಗೂ ಮರೆತಿತ್ತು. "ಅಕ್ಕ, ಕೇಳಿಲ್ಲಿ. ನಾನೂರು ವರ್ಷದ ಹಿಂದೆ ಒಬ್ಬ ದೊಡ್ಡ ಪಂಡಿತ ಇಲಿ ತಯಾರಿಸೋ ವಿಧಾನ ಬರೆದ. ಒಂದು ಜಾಡಿಗೆ ಗೋಧಿ ಹಾಕು, ಬೆವರಾದ ಕೊಳಕು ಅಂಗಿ ತುರುಕು, ಮೂರು ವಾರ ಬಿಡು. ಇಲಿ ಹುಟ್ಟತ್ತೆ."

"ಹುಟ್ಟತ್ತಪ್ಪ. ನಮ್ಮ ಸ್ಟೋರ್ ರೂಮಲ್ಲಿ ನೋಡಿಲ್ವಾ?"

ಇಡೀ ಅಂಗಡಿ ಗೊಳ್ಳೆಂದಿತು.

"ಹುಟ್ಟಲಿಲ್ಲ ಅಕ್ಕ. ಹೊರಗಿಂದ ಬಂತು."

"ಬಂದದ್ದನ್ನ ನೀನು ನೋಡಿದ್ಯಾ?"

ಮಾವನ ಮುಖದಲ್ಲಿ ದೀಪ ಹಚ್ಚಿದಂತಾಯಿತು. "ಅದೇ ಪ್ರಶ್ನೆ! ಆ ಪಂಡಿತನೂ ಜಾಡಿ ಒಳಗೇ ನೋಡ್ತಾ ಕೂತ. ಹೊರಗಿಂದ ಏನಾದ್ರೂ ಬಂತಾ ಅಂತ ನೋಡಲಿಲ್ಲ. ಆಮೇಲೆ ಇನ್ನೊಬ್ಬ ಬಂದು ಒಂದು ಜಾಡಿಯ ಮಾಂಸಕ್ಕೆ ತೆಳು ಬಟ್ಟೆ ಕಟ್ಟಿದ, ಇನ್ನೊಂದನ್ನ ತೆರೆದಿಟ್ಟ. ನೊಣ ಕೂತ ಮಾಂಸದಲ್ಲಿ ಮಾತ್ರ ಹುಳ ಆಯ್ತು. ಒಂದು ತುಂಡು ಬಟ್ಟೆ ಅಕ್ಕ! ಅಷ್ಟು ದಿನದ ನಂಬಿಕೆ ಬೀಳೋಕೆ ಅಷ್ಟು ಸಾಕಾಯ್ತು."

"ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳು," ಎಂದಳು ಅಮ್ಮ. ಮಾವ ಮೇಜಿನ ಮೇಲಿದ್ದ ಎರಡು ನೀರಿನ ಲೋಟಗಳನ್ನು ತೆಗೆದುಕೊಂಡು, ಒಂದಕ್ಕೆ ತಮ್ಮ ಕರವಸ್ತ್ರ ಹೊದಿಸಿ ಮತ್ತೆ ಹೇಳಿದರು. ಮೈಕಿನ ಮುಂದೆ ನಾಲ್ಕು ಮಾತಾಡಲಾರದ ಮನುಷ್ಯ ಅಕ್ಕನ ಮುಂದೆ ಒಂದು ಗಂಟೆ ಮಾತಾಡಿದರು. ಕೊನೆಯಲ್ಲಿ ಅಮ್ಮ, "ಚಿಕ್ಕವನಿದ್ದಾಗ ಕತ್ತಲೆ ಅಂದ್ರೆ ಚಡ್ಡಿ ಒದ್ದೆ ಮಾಡ್ಕೋತಿದ್ದ, ಈಗ ನೋಡಿ ಹೇಗೆ ಮಾತಾಡ್ತಾನೆ," ಎಂದು ಹೆಮ್ಮೆಯಿಂದ ಮುಗಿಸಿದಳು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ತಂದಿಟ್ಟ ಪುಸ್ತಕಗಳೆಲ್ಲ ಖಾಲಿಯಾದವು.

ಯಜಮಾನರು ಸ್ವರ್ಗಕ್ಕೆ ಮೂರೇ ಗೇಣು ಎಂಬಂತಿದ್ದರು. ಮಾವ ಮಾತ್ರ ಮನೆಗೆ ಬಂದವರೇ ಮಹಡಿ ಹತ್ತಿ ಬಾಗಿಲು ಹಾಕಿಕೊಂಡರು. ಅಕ್ಕನ ಜೊತೆ ಮಾತು ಬಿಟ್ಟರು. ಊಟವನ್ನು ಪುಟ್ಟಿಯೇ ಮೇಲೆ ಕೊಂಡೊಯ್ಯಬೇಕಾಯಿತು.

"ಎಷ್ಟು ಪುಸ್ತಕ ಹೋಯ್ತು ಗೊತ್ತಾ ಮಾವ?" ಎಂದಳು ಒಂದು ಮಧ್ಯಾಹ್ನ, ತಟ್ಟೆ ಇಡುತ್ತ.

"ನಕ್ಕಿದ್ದಕ್ಕೆ ಕೊಂಡರು." ಮಾವ ಕಿಟಕಿಯ ಕಡೆ ನೋಡಿದರು. "ಆ ಇಲಿ ಪಂಡಿತ ದಡ್ಡ ಅಲ್ಲ ಪುಟ್ಟಿ. ನನಗಿಂತ ನೂರು ಪಾಲು ಬುದ್ಧಿವಂತ. ಒಂದು ಕಡೆ ನೋಡಲಿಲ್ಲ, ಅಷ್ಟೇ. ನಾವು ಎಲ್ಲಿ ನೋಡ್ತಿಲ್ವೋ ಯಾರಿಗೆ ಗೊತ್ತು? ಅದನ್ನ ಹೇಳೋಕೆ ಬರೆದೆ. ಮೊನ್ನೆ ಜನ ಅವನನ್ನ ನೋಡಿ ನಕ್ಕರು. ಆಮೇಲೆ ನನ್ನನ್ನ ನೋಡಿ ನಕ್ಕರು."

ಪುಸ್ತಕದ ಬೆನ್ನಿಗೆ, ಪತ್ರಿಕೆಗೆ, ಪೋಸ್ಟರಿಗೆ ಎಂದು ಆ ಪುಸ್ತಕದ ಬಗ್ಗೆ ಪುಟ್ಟಿ ಏನೇನೋ ಬರೆದಿದ್ದಳು. ಅದರಲ್ಲೆಲ್ಲೂ ಈ ಮಾತಿರಲಿಲ್ಲ. ಕೆಳಗಿಳಿದು ಬಂದು ಅದನ್ನು ಇದ್ದ ಹಾಗೇ ಅಮ್ಮನಿಗೆ ಹೇಳಿದಳು.

ಮರುದಿನದಿಂದ ಅಡುಗೆಮನೆಯ ಕಟ್ಟೆಯ ಮೇಲೆ 'ದೊಡ್ಡವರ ದೊಡ್ಡ ತಪ್ಪುಗಳು' ಕಾಣಿಸಿಕೊಂಡಿತು. ಅಮ್ಮ ಕನ್ನಡಕ ಮೂಗಿನ ತುದಿಗಿಳಿಸಿ, ಸೌಟನ್ನು ಪುಟದ ಗುರುತಿಗಿಟ್ಟು ಓದಿದಳು. ಹಾಲು ಉಕ್ಕಿತು, ಸಾರು ತಳ ಹಿಡಿಯಿತು, ಎರಡನೇ ಅಧ್ಯಾಯದಲ್ಲಿ ಒಂದು ಒಳ್ಳೆಯ ನಿದ್ದೆಯೂ ಆಯಿತು. ಒಂದು ಬೆಳಿಗ್ಗೆ ಮಂಡಿನೋವನ್ನು ಬಯ್ದುಕೊಳ್ಳುತ್ತ ಮಹಡಿ ಹತ್ತಿ ಬಾಗಿಲು ಬಡಿದಳು.

"ಮೂರನೇ ಅಧ್ಯಾಯ ಅರ್ಥ ಆಗ್ಲಿಲ್ಲ. ಬಾಗಿಲು ತೆಗಿ."

ಅಮ್ಮ ಇನ್ನೊಮ್ಮೆ ಬಡಿದಳು.

"ಚಡ್ಡಿ ವಿಷಯ ಹೇಳಬಾರದಿತ್ತು. ಬಾಯಿ ಜಾರ್ತು. ಈಗ ತೆಗಿತೀಯೋ, ಇಲ್ಲೇ ಮೆಟ್ಟಿಲ ಮೇಲೆ ಕೂತು ಜೋರಾಗಿ ಓದಲೋ?"

ಬಾಗಿಲು ತೆರೆಯಿತು. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಕೆಳಗೇ ಬಂದರು, ಉಣ್ಣುವಾಗಲೂ ಪುಸ್ತಕ ಮಧ್ಯದಲ್ಲೇ ಇತ್ತು.

ಅಷ್ಟರಲ್ಲಿ ಯಜಮಾನರು ಪಕ್ಕದ ಊರಿನ ಗ್ರಂಥಾಲಯದಲ್ಲಿ ಇನ್ನೊಂದು ಸಭೆ ಗೊತ್ತುಮಾಡಿ, 'ಅಕ್ಕ–ತಮ್ಮ ಮುಖಾಮುಖಿ' ಎಂದು ಕುಸ್ತಿಯ ಪೋಸ್ಟರಿನಂಥ ಪೋಸ್ಟರು ಅಂಟಿಸಿದ್ದರು. ಸಭಾಂಗಣ ಕಿಕ್ಕಿರಿದಿತ್ತು. ಮಾವ ಇಲಿಯ ಕತೆ ಹೇಳಿ ಅಕ್ಕನ ಕಡೆ ನೋಡಿದರು. ಜನರೂ ನೋಡಿದರು.

"ನನ್ನ ತಮ್ಮ ಹೇಳಿದ್ದು ಸರಿ," ಎಂದಳು ಅಮ್ಮ.

ಮುಂದಿನ ವಿಷಯಕ್ಕೂ ಸರಿ, ಅದರ ಮುಂದಿನದಕ್ಕೂ ಸರಿ. ಅವಳು ಇಡೀ ಪುಸ್ತಕ ಓದಿ ಮುಗಿಸಿದ್ದಳು. ಅಲ್ಲದೆ, ತಮ್ಮನ ಮರ್ಯಾದೆಗೆ ಇನ್ನೊಮ್ಮೆ ಕುಂದು ತರಬಾರದೆಂದು ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದಳು. ಅರ್ಧ ಗಂಟೆಯಲ್ಲಿ ಸಭೆ ಆಕಳಿಸಿತು. ಎದ್ದು ಹೋಗುತ್ತ ಒಬ್ಬಾತ, "ಜಗಳ ಇರತ್ತೆ ಅಂದಿದ್ರು," ಎಂದು ಪುಟ್ಟಿಯನ್ನೇ ದುರುಗುಟ್ಟಿ ನೋಡಿದ. ತಂದ ಪೆಟ್ಟಿಗೆಗಳನ್ನು ಹೆಚ್ಚುಕಮ್ಮಿ ಹಾಗೆಯೇ ಡಿಕ್ಕಿಗೆ ತುಂಬಿಕೊಂಡು ಅವರು ಹೊರಟರು. ಸಂಜೆಯ ಬಿಸಿಲು ಇನ್ನೂ ಇತ್ತು.

"ನನಗೆ ಸಂತೋಷ ಆಯ್ತಕ್ಕ," ಎಂದರು ಹಿಂದಿನ ಸೀಟಿನಲ್ಲಿದ್ದ ಮಾವ. "ಪೂರ್ತಿ ಓದಿದೀಯ."

"ಓದಿದೆ. ಒಂದು ಮಾತ್ರ ಒಪ್ಪಲ್ಲ. ಅಲ್ಲಿ ಎಲ್ಲರ ಮುಂದೆ ಯಾಕೆ ಅಂತ ಸುಮ್ಮನಿದ್ದೆ. ಬೆಂಕಿ ಅಧ್ಯಾಯ."

"ಏನು ಒಪ್ಪಲ್ಲ?"

"ಉರಿಯೋ ವಸ್ತುವಿನೊಳಗಿಂದ ಏನೋ ಹೊರಟುಹೋಗತ್ತೆ ಅಂತ ಆ ಹಳಬರು ಅಂದಿದ್ದೇ ಸರಿ. ಸೌದೆ ಎಷ್ಟು ಭಾರ, ಬೂದಿ ಎಷ್ಟು ಹಗುರ? ಹೋಯ್ತಲ್ಲ, ಏನೋ ಒಂದು!"

"ಹೋಗಿದ್ದು ಹೊಗೆ ಅಕ್ಕ! ಹೊಗೆ, ಗಾಳಿ ಎಲ್ಲ ಹಿಡಿದು, ಬೂದಿ ಜೊತೆ ತೂಗಿದ್ರೆ ಸೌದೆಗಿಂತ ಜಾಸ್ತಿ ತೂಕ ಬರತ್ತೆ. ಉರಿಯೋವಾಗ ಗಾಳಿಯಿಂದ ಸೇರಿಕೊಳ್ಳತ್ತೆ, ಹೋಗಲ್ಲ."

"ಹೊಗೆ ತೂಗೋಕೆ ಯಾವ ತಕ್ಕಡಿನೋ? ತರಕಾರಿಯವನದಾ?"

ಪುಟ್ಟಿ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದಳು. ಅಷ್ಟು ಹೊತ್ತಿಗೆ ಇಬ್ಬರ ಧ್ವನಿಯೂ ತಾರಕಕ್ಕೇರಿತ್ತು. ಮಾವ ಬಾಗಿಲು ತೆಗೆದು ಕೆಳಗಿಳಿದು, ಜೇಬಿನಿಂದ ಒಂದು ಕಾಗದವನ್ನೂ ಬೆಂಕಿಪೊಟ್ಟಣವನ್ನೂ ತೆಗೆದರು. "ಇಲ್ಲೇ ತೋರಿಸ್ತೀನಿ, ಇಳಿ ಕೆಳಗೆ!"

ಪಂಪಿನ ಪಕ್ಕದಲ್ಲಿದ್ದಾತ ಪೈಪನ್ನು ಬಿಟ್ಟು ಹೌಹಾರಿ ಓಡಿಬಂದ. "ಯಜಮಾನ್ರೇ! ಏನು ಮಾಡ್ತಿದೀರಾ? ಎಲ್ಲರನ್ನೂ ಒಟ್ಟಿಗೆ ಮೇಲೆ ಕಳಿಸ್ತೀರಾ?"

ಮಾವ ಸುತ್ತ ನೋಡಿ ಬೆಂಕಿಪೊಟ್ಟಣ ಜೇಬಿಗೆ ಹಾಕಿದರು. "ನೋಡಿದ್ಯಾ ಅಕ್ಕ? ಒಂದು ಕಡೆ ನೋಡ್ತಿದ್ರೆ ಇನ್ನೊಂದು ಕಡೆ ಮರೆತುಹೋಗತ್ತೆ," ಎಂದರು ಪೆಚ್ಚಾಗಿ.

ಬಂಕಿನವನು ಅವರನ್ನು ರಸ್ತೆಯಾಚೆ ಪಂಕ್ಚರ್ ಅಂಗಡಿಯ ಹತ್ತಿರ ಓಡಿಸಿದ. ಅಲ್ಲಿ ಜಗಳ ಮುಂದುವರಿಯಿತು. ಟೈರು ಬಿಚ್ಚಿಸುತ್ತಿದ್ದ ಲಾರಿ ಚಾಲಕ ಮೊದಲು ತಲೆ ಎತ್ತಿದ. ಬೈಕ್ ನಿಲ್ಲಿಸಿದ ಗಂಡ ಹೆಂಡತಿ ಇಳಿದು ಬಂದರು. ದನದ ಡಾಕ್ಟರೊಬ್ಬರು ಚೀಲ ಹೆಗಲಿಗೇರಿಸಿಕೊಂಡೇ ನಿಂತರು. ಸೌದೆಯ ವಿಷಯದಲ್ಲಿ ಲಾರಿ ಚಾಲಕ ಅಮ್ಮನ ಕಡೆ, ಡಾಕ್ಟರು ಮಾವನ ಕಡೆ. ಗಂಡ ಹೆಂಡತಿ ತಲಾ ಒಂದೊಂದು ಕಡೆ.

"ಅದೆಲ್ಲ ಇರಲಿ ಸಾರ್," ಎಂದ ಚಾಲಕ. "ಕೊನೆಗೆ ಹೊಗೇನ ತೂಗಿದ್ರಾ, ಇಲ್ವಾ?"

"ಮುಚ್ಚಿದ ಪಾತ್ರೆಯೊಳಗೆ ಉರಿಸಿ ತೂಗಿದ್ರು," ಎಂದರು ಮಾವ. "ಹೇಗೆ ಅಂತ ಐದನೇ ಅಧ್ಯಾಯದಲ್ಲಿದೆ. ಪರವಾಗಿಲ್ಲ, ಅದು ಚೆನ್ನಾಗಿ ಬಂದಿದೆ."

ಮಾವ ತಮ್ಮ ಪುಸ್ತಕದ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದನ್ನು ಪುಟ್ಟಿ ಕೇಳಿದ್ದು ಅದೇ ಮೊದಲು. ಅವಳು ಓಡಿಹೋಗಿ ಡಿಕ್ಕಿ ತೆರೆದಳು.

ಪೆಟ್ಟಿಗೆಯ ಹಗ್ಗ ಬಿಚ್ಚುತ್ತಿರುವಾಗ ಯಜಮಾನರ ಫೋನು ಬಂತು. "ಸಭೆ ಹೇಗಾಯ್ತಮ್ಮ?"

"ಈಗ ಶುರುವಾಗಿದೆ ಸಾರ್. ಆಮೇಲೆ ಮಾಡ್ತೀನಿ," ಎಂದು ಪುಟ್ಟಿ ಫೋನಿಟ್ಟಳು. ಲಾರಿ ಚಾಲಕ ಕೈಯ ಗ್ರೀಸು ಒರೆಸಿಕೊಂಡು ಪುಸ್ತಕ ಇಸಿದುಕೊಂಡ. ಅಮ್ಮ ಅವನಿಗೆ ಎರಡನೇ ಅಧ್ಯಾಯ ಬಿಟ್ಟು ಓದುವಂತೆ ಹೇಳಿಕೊಡುತ್ತಿದ್ದಳು.